ಹೆಸರು ಹಿಡಿದು ಕರೆಯುವವಳು

ದಾನಮ್ಮನ ಗಂಡನನ್ನು ಹೆಸರು ಹಿಡಿದು ಕರೆಯುವ ಹೆಂಗಸು ಈ ಭೂಮಿಯ ಮೇಲೆ ಒಬ್ಬಳೂ ಉಳಿದಿರಲಿಲ್ಲ. ಕರೆಯುತ್ತಿದ್ದ ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ದಾನಮ್ಮ ಸ್ವತಃ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಮದುವೆಯ ದಿನ ಒಂದೇ ಸಲ. ಹೊಸ್ತಿಲಿಗೆ ಅಡ್ಡ ನಿಂತ ನಾದಿನಿಯರು ಪ್ರಾಸ ಕಟ್ಟಿದ ಒಡಪಿನಲ್ಲಿ ಗಂಡನ ಹೆಸರು ಹೇಳದಿದ್ದರೆ ಒಳಗೆ ಬಿಡುವುದಿಲ್ಲ ಎಂದು ಹಟ ಹಿಡಿದಾಗ ಹೇಳಿದ್ದಳು. ಅದಾದ ಮೇಲೆ ರೇಷನ್ ಅಂಗಡಿಯಲ್ಲಾಗಲಿ, ಬ್ಯಾಂಕಿನಲ್ಲಾಗಲಿ ಯಾರಾದರೂ ಗಂಡನ ಹೆಸರೇನು ಎಂದರೆ ಅವಳು ಪಕ್ಕದವರ ಮುಖ ನೋಡುತ್ತಿದ್ದಳು. ಪಕ್ಕದವರು ಹೇಳುತ್ತಿದ್ದರು.

ಹೀಗಿರುವಾಗ ಹುಬ್ಬಳ್ಳಿಯ ಆಸ್ಪತ್ರೆಯ ಕೋಣೆಯೊಂದರಲ್ಲಿ, ರೊಟ್ಟಿ ಬುಟ್ಟಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆಯೊಂದು ರೇಡಿಯೋದಲ್ಲಿ ವಾರ್ತೆ ಓದುವವಳ ದನಿಯಲ್ಲಿ, "ನಮಸ್ಕಾರ ವಿರೂಪಾಕ್ಷಪ್ಪನವರೇ, ಹೇಗಿದ್ದೀರಿ?" ಎಂದು ಕೇಳಿತು. ದಾನಮ್ಮನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಗಂಡನಿಗೆ ಪಿತ್ತಕೋಶದ ಕ್ಯಾನ್ಸರ್ ಎಂದು ಗೊತ್ತಾದ ದಿನ ಬಿದ್ದ ಬೆಂಕಿಯೇ ಬೇರೆ, ಇದೇ ಬೇರೆ.

ಆ ಯಂತ್ರಕ್ಕೆ ಸರಕಾರ ಇಟ್ಟ ಹೆಸರು ಇನ್ನೇನೋ ಇತ್ತು. ಹುಬ್ಬಳ್ಳಿಯ ಜನ ಅದನ್ನು ಕೇಳವ್ವ ಎಂದು ಕರೆದರು. ಹೊಸ ಔಷಧದ ಪ್ರಯೋಗಕ್ಕೆ ರೋಗಿಯನ್ನು ಸೇರಿಸಿಕೊಳ್ಳುವ ಮೊದಲು ಕೇಳವ್ವನ ನೆತ್ತಿಯ ದೀಪ ಹಸಿರಾಗಬೇಕೆಂದು ಕಾನೂನು ಬಂದು ಕೆಲವು ವರ್ಷವಾಗಿತ್ತು. ಅದಕ್ಕೂ ಮೊದಲು ಕೈಗೆ ಒಂದು ಕಂತೆ ಕಾಗದ ಕೊಟ್ಟು, ತಿಳಿಯಿತೇ ಎಂದರೆ ಜನ ಹೂಂ ಎಂದು ಸಹಿ ಹಾಕಿಬಿಡುತ್ತಿದ್ದರು. ಕೇಳವ್ವ ಹೂಂ ಎನ್ನುವುದನ್ನು ಉತ್ತರವೆಂದೇ ಒಪ್ಪುತ್ತಿರಲಿಲ್ಲ. ವಿಷಯವನ್ನು ಸಣ್ಣ ಸಣ್ಣ ತುತ್ತು ಮಾಡಿ ಹೇಳಿ, "ಈಗ ನೀವು ನನಗೆ ಹೇಳಿ" ಎನ್ನುತ್ತಿತ್ತು. ರೋಗಿ ಅದರ ಮಾತನ್ನೇ ಗಿಳಿಯ ಹಾಗೆ ಒಪ್ಪಿಸಿದರೆ ದೀಪ ಹಳದಿಯಲ್ಲೇ ನಿಲ್ಲುತ್ತಿತ್ತು. ತನ್ನ ಮಾತಿನಲ್ಲಿ, ತನ್ನ ಬದುಕಿನಿಂದ ಉದಾಹರಣೆ ಎತ್ತಿ ಹೇಳಿದಾಗ, ದನಿಯ ಏರಿಳಿತ, ತಡವರಿಕೆ, ಬಳಸಿದ ಪದ ಎಲ್ಲವನ್ನೂ ತೂಗಿ ನೋಡಿ ಹಸಿರಿನ ಕಡೆಗೆ ಸರಿಯುತ್ತಿತ್ತು. ಸೇರುತ್ತೇನೆ ಎನ್ನುವವರಿಗೂ ಹಸಿರೇ, ಬೇಡ ಎನ್ನುವವರಿಗೂ ಹಸಿರೇ; ತಿಳಿದು ಹೇಳಿರಬೇಕು, ಅಷ್ಟೆ. ಆ ಹೊತ್ತಿನಲ್ಲಿ ಮನೆಯವರು ಯಾರೂ ಒಳಗೆ ಇರುವಂತಿಲ್ಲ ಎಂಬುದೊಂದು ನಿಯಮ.

ಆ ನಿಯಮ ದಾನಮ್ಮನಿಗೆ ಮೊದಲ ದಿನವೇ ಗೊತ್ತಾಯಿತು. ಅವಳು ರೂಢಿಯಂತೆ ಗಂಡನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತಿದ್ದಳು. ಕೇಳವ್ವ, "ರಾತ್ರಿ ನಿದ್ದೆ ಬರುತ್ತದೆಯೇ?" ಎಂದಿತು.

"ಬರ್ತೈತ್ರಿ. ಗೊರಕಿ ಹೊಡೀತಾರ," ಎಂದಳು ದಾನಮ್ಮ.

"ಊಟ ಸೇರುತ್ತದೆಯೇ?"

"ಒಂದು ರೊಟ್ಟಿ. ಅದೂ ನಾ ಮುಂದ ಕುಂತು ತಿನ್ನಿಸಿದ್ರ."

"ನಾನು ವಿರೂಪಾಕ್ಷಪ್ಪನವರನ್ನು ಕೇಳಿದೆ," ಎಂದಿತು ಕೇಳವ್ವ, ಸಿಟ್ಟಿಲ್ಲದೆ. ಗಾಜಿನ ಗೋಡೆಯ ಆಚೆ ಯಂತ್ರದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಡಾಕ್ಟರ್ ಶಬೀನಾ ಮುಲ್ಲಾ ಎದ್ದು ಬಂದು, "ದಾನಮ್ಮಾರ, ನೀವು ನನ್ನ ಕೂಡ ಈ ಕಡೆ ಕುಂದರ್ರಿ, ಚಾ ಕುಡಿಯೋಣ," ಎಂದು ಮೆಲ್ಲಗೆ ಕೈ ಹಿಡಿದು ಕರೆದೊಯ್ದಳು. ಗಂಡನ ಊಟ, ನಿದ್ದೆ, ಮಲಮೂತ್ರಗಳ ಬಗ್ಗೆ ಯಾವ ಡಾಕ್ಟರು ಕೇಳಿದರೂ ಉತ್ತರ ಕೊಡುತ್ತ ಬಂದವಳಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ?

ಗಾಜಿನ ಈಚೆ ಮಾತು ಕೇಳಿಸುತ್ತಿರಲಿಲ್ಲ, ಮುಖ ಮಾತ್ರ ಕಾಣುತ್ತಿತ್ತು. ವಿರೂಪಾಕ್ಷಪ್ಪ ಕೈ ಎತ್ತಿ ಸ್ಟೇರಿಂಗ್ ತಿರುಗಿಸಿದಂತೆ ಮಾಡಿ ತೋರಿಸಿದ, ಏನೋ ಹೇಳಿ ತಲೆ ಕೊಡವಿದ, ಆಮೇಲೆ ಹಲ್ಲು ಕಾಣುವಂತೆ ನಕ್ಕ. ಮನೆಯಲ್ಲಿ ಅವನು ಆಡುವ ಮಾತು ಎಣಿಸಬೇಕೆಂದರೆ ಎರಡು ಕೈಯ ಬೆರಳು ಹೆಚ್ಚಾಗುತ್ತಿತ್ತು. ದಾನಮ್ಮ ಕೈಯಲ್ಲಿದ್ದ ಚಹಾ ಆರಿಹೋಗುವವರೆಗೂ ಆ ನಗುವನ್ನೇ ನೋಡಿದಳು.

ಹೊಟ್ಟೆಕಿಚ್ಚು ಅವಳಿಗೆ ಹೊಸದೇನಲ್ಲ. ವಿರೂಪಾಕ್ಷಪ್ಪ ಗದಗ-ಹುಬ್ಬಳ್ಳಿ ಬಸ್ಸಿನ ಡ್ರೈವರ್ ಆಗಿದ್ದವನು. ಅವನ ಬಸ್ಸಿನಲ್ಲಿ ದಿನವೂ ಗದಗಿನಲ್ಲಿ ಹತ್ತಿ ಅಣ್ಣಿಗೇರಿಯಲ್ಲಿ ಇಳಿಯುವ ಟೀಚರ್ ಒಬ್ಬರಿದ್ದರು. ಡ್ರೈವರ್ ಪಕ್ಕದ ಮುಂದಿನ ಸೀಟೇ ಅವರಿಗೆ ಆಗಬೇಕು. ಅವರು ವರ್ಗವಾಗಿ ಹೋಗುವವರೆಗೂ ದಾನಮ್ಮ ಗಂಡನ ಖಾಕಿ ಅಂಗಿಯನ್ನು ಒಗೆಯುವ ಮೊದಲು ಮೂಸಿ ನೋಡುತ್ತಿದ್ದಳು. ಅಂಗಿಗೆ ಡೀಸೆಲ್ ವಾಸನೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಆದರೂ ಸಮಾಧಾನವಾಗುತ್ತಿರಲಿಲ್ಲ. ಗಂಡ ಹೆಂಡತಿಯನ್ನು ಬಿಟ್ಟಿ ಕೂರಿಸಿಕೊಂಡು ಹೋದನೆಂಬ ಮಾತು ಬರಬಾರದೆಂದು ವಿರೂಪಾಕ್ಷಪ್ಪ ಅವಳನ್ನು ತನ್ನ ಬಸ್ಸಿಗೆ ಒಮ್ಮೆಯೂ ಹತ್ತಿಸಿರಲಿಲ್ಲ. ಹಾಗಾಗಿ ಆ ಸೀಟಿನಲ್ಲಿ ಕುಳಿತರೆ ಏನು ಕಾಣುತ್ತದೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಈಗ ಗದಗ-ಬೆಟಗೇರಿಯ ಮನೆಯಲ್ಲಿ ಅದೇ ಹಳೆಯ ಕಿಚ್ಚು ಮತ್ತೆ ಹೊತ್ತಿಕೊಂಡಿತು. ಆಸ್ಪತ್ರೆಗೆ ಹೋಗುವ ದಿನ ಬಂದರೆ ವಿರೂಪಾಕ್ಷಪ್ಪ ಬೆಳಿಗ್ಗೆಯೇ ಗಡ್ಡ ಕೆರೆದುಕೊಳ್ಳುತ್ತಿದ್ದ. "ಇಸ್ತ್ರಿ ಅಂಗಿ ಎಲ್ಲೈತಿ?" ಎಂದು ಕೇಳುತ್ತಿದ್ದ. ಮಗಳ ಮದುವೆಯಲ್ಲೂ ಇಸ್ತ್ರಿ ಕೇಳದ ಮನುಷ್ಯ!

"ಏನಂದ್ಲು ಇವತ್ತು?" ಎಂದಳು ದಾನಮ್ಮ, ಸಂಜೆ ರೊಟ್ಟಿ ಬಡಿಯುತ್ತ.

"ಯಾರು?"

"ಇನ್ನ್ಯಾರು, ಆಕಿ."

"ಅದು ಪೆಟಗಿ. ಆಕಿ ಅಲ್ಲ."

"ಪೆಟಗಿ ಕೂಡ ಯಾರರ ಹಂಗ ನಗ್ತಾರೇನು?"

"ಡಿಪೋ ಸುದ್ದಿ ಬಂತು. ನಗಿ ಬಂತು."

"ಡಿಪೋ ಸುದ್ದಿ ನನಗ ಒಂದಿನಾರ ಹೇಳೀರಿ?"

ವಿರೂಪಾಕ್ಷಪ್ಪ ರೊಟ್ಟಿ ಮುರಿದು ಹಿಂಡಿಪಲ್ಯೆಗೆ ಅದ್ದಿ, "ನೀ ಕೇಳೇ ಇಲ್ಲಲ್ಲ," ಎಂದ. ತಪ್ಪು ಹುಡುಕುವ ದನಿಯಲ್ಲಿ ಹೇಳಿರಲಿಲ್ಲ, ಇದ್ದದ್ದನ್ನು ಹೇಳಿದ್ದ. ಊಟ ಆಯ್ತಾ, ಗುಳಿಗೆ ತಗೊಂಡ್ರಾ, ನೀರು ಕಾದೈತಿ ನೋಡ್ರಿ ಎಂದು ಅವಳು ಕೇಳುತ್ತಲೇ ಇದ್ದಳು. ಕೇಳಿ, ತಾನೇ ಉತ್ತರ ಹೇಳಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಿದ್ದಳು.

ಸ್ವಲ್ಪ ಹೊತ್ತು ಬಿಟ್ಟು ಅವನೇ ಬಾಯಿ ತೆರೆದ. "ನಾಳೆ ಕಡೀ ದಿನ. ಸೇರೂಣಂತ ಅನ್ನಸ್ತೈತಿ ನನಗ."

ದಾನಮ್ಮನ ಕೈ ಹಂಚಿನ ಮೇಲೆಯೇ ನಿಂತಿತು. "ಮೊದಲ ಇಲಿಗೆ ಕೊಡ್ತಾರ, ಆಮ್ಯಾಲ ನಿಮಗ. ನೀವೇನ ಇಲಿ ಏನ್ರಿ? ಆಕಿ ಮಾತಿಗೆ ಮಳ್ಳಾಗಿ ಮೈ ಒಡ್ಡತೀರೇನು? ನಾ ಏನು ಸತ್ತೀನೇನು, ನನ್ನ ಕೇಳಬೇಕಂತ ಅನ್ನಿಸಲಿಲ್ಲೇನು ನಿಮಗ?" ಎಂದು ಒಂದೇ ಉಸಿರಿಗೆ ಹೇಳಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಳು ನಿಜವಾಗಿಯೇ ಬಂದಿತ್ತು. ಆದರೆ ಅತ್ತರೆ ಕೆಲಸವಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು.

"ಹೂಂ, ಬಿಡು. ನೀ ಅಂದಂಗ ಆಗಲಿ. ನಾಳೆ ಬ್ಯಾಡಂತ ಹೇಳಿ ಬರೂಣಂತ," ಎಂದ ವಿರೂಪಾಕ್ಷಪ್ಪ, ತಾಟಿನಿಂದ ಕೈ ತೆಗೆಯುತ್ತ.

ದಾನಮ್ಮ ಗೆದ್ದಳು. ಗೆದ್ದ ಖುಷಿಯಲ್ಲಿ ಪಾತ್ರೆ ತಿಕ್ಕುವಾಗ ಆ ಹೂಂ ಮತ್ತೆ ನೆನಪಾಯಿತು. ಮನೆಗೆ ಸುಣ್ಣ ಬಳಿಸುವಾಗ, ಮಗಳಿಗೆ ಗಂಡು ನೋಡುವಾಗ ಅವನು ಹೇಳಿದ್ದೂ ಇದೇ ಹೂಂ. ಕೇಳವ್ವನಾಗಿದ್ದರೆ ಇದನ್ನು ಒಪ್ಪುತ್ತಿರಲಿಲ್ಲ ಎಂದು ಅನ್ನಿಸಿತು. ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮರುದಿನ ಆಸ್ಪತ್ರೆಯಲ್ಲಿ ವಿರೂಪಾಕ್ಷಪ್ಪನನ್ನು ರಕ್ತ ತೆಗೆಯಲು ಕರೆದೊಯ್ದರು. ಗಂಡ ಬಂದು ಆ ಪೆಟ್ಟಿಗೆಯ ಮುಂದೆ ಕುಳಿತರೆ ಮತ್ತೆ ಮನಸ್ಸು ಬದಲಿಸಿಯಾನು, ತಾನೇ ಬೇಡವೆಂದು ಹೇಳಿ ಮುಗಿಸಿಬಿಡುವುದು ವಾಸಿ ಎಂದುಕೊಂಡ ದಾನಮ್ಮ ನೇರ ಶಬೀನಾ ಬಳಿ ಹೋದಳು.

"ಡಾಕ್ಟರಮ್ಮಾ, ನಾ ಆಕಿ ಕೂಡ ಮಾತಾಡಬೇಕ್ರಿ."

ಶಬೀನಾ ಅವಳನ್ನು ಒಂದು ಗಳಿಗೆ ನೋಡಿದಳು. "ಆತು, ಹೋಗ್ರಿ," ಎಂದು ಬಾಗಿಲು ತೆರೆದಳು. ಬೇಡ ಎನ್ನುತ್ತಾಳೆಂದು ಜಗಳಕ್ಕೆ ಸಿದ್ಧವಾಗಿ ಬಂದಿದ್ದ ದಾನಮ್ಮನಿಗೆ ಸ್ವಲ್ಪ ನಿರಾಸೆಯೇ ಆಯಿತು.

ಕೇಳವ್ವನ ನೆತ್ತಿಯ ದೀಪ ಹಳದಿಯಾಗಿತ್ತು. "ನಮಸ್ಕಾರ. ನೀವು ಯಾರ ಕಡೆಯವರು? ರೋಗಿಯ ಹೆಸರು ಹೇಳಿ."

"ನಮ್ಮನಿಯವರು."

"ಹೆಸರು ಹೇಳಿ."

"ಅವರ. ದಿನಾ ನಿನ್ನ ಮುಂದ ಕುಂದರ್ತಾರಲ್ಲ, ಇಸ್ತ್ರಿ ಅಂಗಿ ಹಾಕ್ಕೊಂಡು."

"ಕ್ಷಮಿಸಿ. ಹೆಸರು ಬೇಕು."

"ನಮ್ಮ ಸುಜಾತನ ಅಪ್ಪಾರು!"

"ಸುಜಾತನ ಅಪ್ಪಾರು ಎಂಬ ಹೆಸರಿನ ರೋಗಿ ಇಲ್ಲಿ ಇಲ್ಲ."

ಗಾಜಿನ ಆಚೆ ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ಶಬೀನಾ ಹಣೆ ಚಚ್ಚಿಕೊಂಡಳು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೋಗಬಾರದೆಂದು, ರೋಗಿಯಲ್ಲದೆ ಬೇರೆ ಯಾರು ಒಳಗೆ ಬಂದರೂ ತಮ್ಮ ದನಿಯಲ್ಲೇ ರೋಗಿಯ ಹೆಸರು ಹೇಳಿದರೆ ಮಾತ್ರ ಯಂತ್ರ ತೆರೆದುಕೊಳ್ಳುವಂತೆ ಮಾಡಿದ್ದರು. ಎಲ್ಲೋ ದೊಡ್ಡ ಊರಿನಲ್ಲಿ ತಣ್ಣನೆಯ ಕೋಣೆಯಲ್ಲಿ ಕುಳಿತು ಮಾಡಿದವರಿಗೆ, ಗಂಡನ ಹೆಸರು ಹೇಳದ ಹೆಂಡಂದಿರ ನೆನಪು ಬಂದಿರಲಿಲ್ಲ. "ನಾ ಹೇಳಿದ್ರ ನಡೆಯಂಗಿಲ್ರಿ ದಾನಮ್ಮಾರ, ನಿಮ್ಮ ದನೀನ ಬೇಕು," ಎಂದಳು ಶಬೀನಾ ಮೈಕಿನಲ್ಲಿ.

ದಾನಮ್ಮ ಅತ್ತಿತ್ತ ನೋಡಿದಳು. ಪಕ್ಕದವರ ಮುಖ ನೋಡೋಣವೆಂದರೆ ಪಕ್ಕದಲ್ಲಿ ಯಾರೂ ಇಲ್ಲ. ಎದ್ದು ಹೋಗೋಣವೆಂದರೆ, ಈ ಪೆಟ್ಟಿಗೆ ಲೀಲಾಜಾಲವಾಗಿ ಹೇಳುವ ಹೆಸರನ್ನು ತಾನು ಹೇಳಲಾರದೆ ಸೋತು ಹೋದಂತಾಗುತ್ತದೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹೊಸ್ತಿಲ ಮೇಲೆ ನಿಂತ ಮದುಮಗಳ ಹಾಗೆ ನೆಲ ನೋಡುತ್ತ ಹೇಳಿದಳು:

"ಗದಗಿನ ಹಾದ್ಯಾಗ ಬೇವಿನ ಗಿಡದ ನೆರಳ,
ಸ್ಟೇರಿಂಗ ಹಿಡದ ಕೈಯಾಗ ಉಂಗುರದ ಬೆರಳ,
ವಿರೂಪಾಕ್ಷಪ್ಪನವರು ಕಟ್ಟ್ಯಾರ ತಾಳಿ ನನ್ನ ಕೊರಳ."

"ಧನ್ಯವಾದ," ಎಂದಿತು ಕೇಳವ್ವ. "ನೀವಾಗಿಯೇ ಬಂದು ಕೇಳಿದರೆ ತಮ್ಮ ಮಾತನ್ನು ನಿಮಗೆ ಕೇಳಿಸಬೇಕೆಂದು ವಿರೂಪಾಕ್ಷಪ್ಪನವರು ಒಪ್ಪಿಗೆ ಕೊಟ್ಟಿದ್ದಾರೆ. ಕೇಳುತ್ತೀರಾ?"

ಬೇಡವೆಂದು ಹೇಳಲು ಬಂದವಳು ಹೂಂ ಎಂದಳು. ಗಂಡನ ದನಿ ಕೋಣೆ ತುಂಬಿತು.

"ಡಿಪೋಕ್ಕ ಹೊಸಾ ಗಾಡಿ ಬಂದಾಗ ಚೀಟಿ ಎತ್ತತಿದ್ರು ನೋಡ್ರಿ. ಅರ್ಧಾ ಮಂದಿಗೆ ಹೊಸಾ ಗಾಡಿ, ಅರ್ಧಾ ಮಂದಿಗೆ ಹಳೇದು. ಇದೂ ಹಂಗ. ನನಗ ಹೊಸಾ ಔಷಧನೂ ಬರಬಹುದು, ಈಗಿಂದೂ ಬರಬಹುದು. ಯಾವದು ಬಂತಂತ ನನಗೂ ಗೊತ್ತಾಗಂಗಿಲ್ಲ, ಡಾಕ್ಟರಿಗೂ ಗೊತ್ತಾಗಂಗಿಲ್ಲ. ಹೊಸಾ ಗಾಡಿ ಅಂದಕೂಡಲೆ ಚಲೋನ ಓಡ್ತೈತಂತ ಏನೂ ಇಲ್ಲ. ಅದು ಹಳೇದಕಿಂತ ಚಲೋ ಏನು ಅಂತ ನೋಡಾಕ ಇದನ್ನ ಮಾಡಾಕತ್ತಾರ. ಜ್ವರ ಬರಬಹುದು, ಮೈ ತುರಸಬಹುದು, ಗದಗ-ಹುಬ್ಬಳ್ಳಿ ತಿರುಗ್ಯಾಡಿ ಸಾಕಾಗಬಹುದು. ನಾ ಸೇರದಿದ್ರೂ ಈಗಿನ ಔಷಧ ಕೊಡ್ತಾರ, ಸಿಟ್ಟಾಗಂಗಿಲ್ಲ. ಸೇರಿದ್ರೂ ಬ್ಯಾಡ ಅನ್ನಿಸಿದ ಸ್ಟಾಪಿನ್ಯಾಗ ಇಳೀಬಹುದು."

"ಹಾಗಿದ್ದೂ ಯಾಕೆ ಸೇರಬೇಕು ಅನ್ನಿಸುತ್ತದೆ?" ಇದು ಕೇಳವ್ವನ ದನಿ. ಆಮೇಲೆ ಎಷ್ಟೋ ಹೊತ್ತು ಬರೀ ಮೌನ. ಕೇಳವ್ವ ನಡುವೆ ಬಾಯಿ ಹಾಕಲಿಲ್ಲ, ಉತ್ತರ ಸೂಚಿಸಲಿಲ್ಲ, ಸುಮ್ಮನೆ ಕಾದಿತು. ಆ ಮೌನವನ್ನು ತಾನಾಗಿದ್ದರೆ ನಾಲ್ಕು ಸಲ ತುಂಬಿಬಿಡುತ್ತಿದ್ದೆ ಎಂದು ದಾನಮ್ಮನಿಗೆ ತಿಳಿಯಿತು.

"ಕಡೀಕಡೀಕ ನನ್ನ ಬಸ್ಸು ತಾನ ಓಡ್ತಿತ್ತು. ಯಂತ್ರ ಹಾಕಿದ್ರು. ನನ್ನ ಕೈ ಸ್ಟೇರಿಂಗ್ ಮ್ಯಾಲ, ಸ್ಟೇರಿಂಗ್ ತಾನ ತಿರುಗೂದು. ರಿಟೈರ್ ಆಗೂತನ ಹಂಗ ಕುಂತು ನೋಡಿದೆ. ಮನ್ಯಾಗ ಎಲ್ಲಾ ಆಕೀನ. ಅದು ಚಲೋನ ಆತು, ಅದರ ಬಗ್ಗೆ ನನಗ ತಕರಾರಿಲ್ಲ. ಆದ್ರ ಇದು ನನ್ನ ಮೈ. ಇದೊಂದರ ನಾ ತಿರುಗಸಬೇಕನ್ನಸ್ತೈತಿ. ನಾ ಬದುಕ್ತೀನಂತ ಅಲ್ರಿ. ನನ್ನಿಂದ ಅವರಿಗೆ ಒಂದೀಟು ತಿಳಿದ್ರ ತಿಳೀಲಿ."

"ಇದನ್ನು ಮನೆಯಲ್ಲಿ ಹೇಳಿದ್ದೀರಾ?"

"ಆಕಿ ಅಳ್ತಾಳ. ಅತ್ತರ ನಾ ಹೂಂ ಅಂದುಬಿಡ್ತೀನಿ. ನೀವು ಅಳಂಗಿಲ್ಲ, ಅದಕ ನಿಮಗ ಹೇಳಾಕತ್ತೀನಿ."

"ನೀವು ಮಾತಾಡಲಾರದ ದಿನ ಬಂದರೆ, ಪ್ರಯೋಗದಲ್ಲಿ ಇರಬೇಕೋ ಬಿಡಬೇಕೋ ಎಂದು ನಿಮ್ಮ ಪರವಾಗಿ ಯಾರು ಹೇಳಬೇಕು?"

"ಮತ್ಯಾರು? ದಾನಿ."

ದನಿ ನಿಂತಿತು. ದಾನಮ್ಮ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ದಾನಿ! ಮನೆಯಲ್ಲಿ ಅವಳನ್ನು ಕರೆಯಲು 'ಏ ಇವಳೇ' ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಗಂಡನ ಮನಸ್ಸಿನಲ್ಲಿ ತನಗೊಂದು ಹೆಸರಿತ್ತು, ಅದನ್ನು ಅವನು ಮೊದಲು ಕೊಟ್ಟದ್ದು ಈ ಪೆಟ್ಟಿಗೆಗೆ. ಉಳಿದ ಎಲ್ಲ ಮಾತಿಗಿಂತ ಅದೇ ಅವಳನ್ನು ಹೆಚ್ಚು ಸುಟ್ಟಿತು.

"ಈಗ ನೀವು ನನಗೆ ಹೇಳಿ," ಎಂದಿತು ಕೇಳವ್ವ. "ವಿರೂಪಾಕ್ಷಪ್ಪನವರಿಗೆ ಎಲ್ಲವೂ ತಿಳಿದಿದೆ. ಅವರ ಪರವಾಗಿ ಮಾತಾಡುವವರಿಗೂ ಅವರ ಇಚ್ಛೆ ತಿಳಿದಿರಬೇಕು. ಅದಕ್ಕಾಗಿ ದೀಪ ಹಳದಿಯಲ್ಲಿ ನಿಂತಿದೆ. ಅವರಿಗೆ ಏನು ಬೇಕು?"

"ಏನೂ ಬ್ಯಾಡ. ಮನ್ಯಾಗ ಇರ್ತಾರ."

"ಅದು ನಿಮಗೆ ಬೇಕಾದದ್ದು ಎಂದು ತೋರುತ್ತದೆ."

"ನನ್ನ ಗಂಡಗ ಏನ ಬೇಕಂತ ನೀ ನನಗ ಹೇಳ್ತೀಯೇನ?" ದಾನಮ್ಮ ಎದ್ದು ನಿಂತು ಕೂಗಿದಳು. ಹಳದಿ ದೀಪವನ್ನು ಸುಟ್ಟುಬಿಡುವಂತೆ ನೋಡಿ, ಬಾಗಿಲು ದಡಾರನೆ ಎಳೆದು ದಾನಮ್ಮ ಹೊರಗೆ ಹೋದಳು.

ವಿರೂಪಾಕ್ಷಪ್ಪ ಆಸ್ಪತ್ರೆಯ ಅಂಗಳದಲ್ಲಿ ಕಲ್ಲುಬೆಂಚಿನ ಮೇಲೆ, ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಹಿಡಿದು ಕುಳಿತಿದ್ದ. ತೋಳು ಬಡಕಲಾಗಿತ್ತು. ಇಷ್ಟು ದಿನ ಊಟ ಬಡಿಸುತ್ತ ನೋಡಿದ ತೋಳೇ, ಆದರೆ ಈಗ ಬೇರೆ ಯಾರದೋ ತೋಳಿನಂತೆ ಕಂಡಿತು.

"ಆಕಿಗೆ ಹೇಳಿದ್ದನ್ನ ನನಗ ಹೇಳ್ರಿ," ಎಂದು ದಾನಮ್ಮ ಪಕ್ಕದಲ್ಲಿ ಕುಳಿತಳು. "ಮೊದಲಿಂದ."

ಅವನು ಬೆಚ್ಚಿ ಅವಳ ಮುಖ ನೋಡಿದ. "ನೀ ಅಳ್ತಿ."

"ಅಳಂಗಿಲ್ಲ."

"ಅತ್ತರ ನಿಲ್ಲಸ್ತೀನಿ ನೋಡು."

ದಾನಮ್ಮ ಬಾಯಿ ಬಿಡಲಿಲ್ಲ. ಅವನು ತಡವರಿಸಿದಾಗ ಮಾತು ಜೋಡಿಸಿ ಕೊಡಲು ನಾಲಿಗೆ ತುದಿಗೆ ಬಂತು, ಕಚ್ಚಿ ಹಿಡಿದಳು. ಆ ಯಂತ್ರ ಕಾಯುವುದಾದರೆ ತನಗೆ ಕಾಯಲು ಬರುವುದಿಲ್ಲವೇ? ಅವನು ಚೀಟಿಯಿಂದ ಶುರುಮಾಡಿದ. ಹೊಸ ಗಾಡಿ, ಹಳೆ ಗಾಡಿ, ಜ್ವರ, ಸ್ಟೇರಿಂಗ್, ಎಲ್ಲ ಬಂತು. ಕೊನೆಗೆ ದಾನಮ್ಮ ಕೇಳವ್ವನ ಧಾಟಿಯಲ್ಲೇ ಕೇಳಿದಳು: "ಯಾವಾಗ ಇಳಿಸಬೇಕು ನಿಮ್ಮನ್ನ?"

ಇದನ್ನು ಅವನು ಯಂತ್ರಕ್ಕೂ ಹೇಳಿರಲಿಲ್ಲ. ತೋಳಿನ ಹತ್ತಿಯನ್ನು ತೆಗೆದು ನೋಡಿ ಮತ್ತೆ ಒತ್ತಿಕೊಂಡ. ಅವಳು ಕಾದಳು.

"ನನ್ನ ಕೈಲೆ ರೊಟ್ಟಿ ಮುರೀಲಿಕ್ಕ ಆಗದಂಗಾದ್ರ ಇಳಿಸಿಬಿಡು," ಎಂದ. "ಗಾಡಿ ಓಡಾಕತ್ತೈತಂತ ನನ್ನ ಕುಂದ್ರಿಸಿ ಬಿಡಬ್ಯಾಡ. ಡಾಕ್ಟರ್ ಇನ್ನೊಂದೀಟು ನೋಡೂಣು ಅಂದ್ರೂ ಬಿಡಬ್ಯಾಡ. ನಿನ್ನ ಮಾತಿನ ಮುಂದ ಯಾರ ಆಟಾನೂ ನಡೆಯಂಗಿಲ್ಲ, ಅದಕ ನಿನ್ನ ಹೆಸರು ಕೊಟ್ಟೀನಿ."

ದಾನಮ್ಮ ಎದ್ದಳು. ಕಣ್ಣು ಒರೆಸಿಕೊಂಡರೆ ಅತ್ತಂತಾಗುತ್ತದೆಂದು ಹಾಗೆಯೇ ನಡೆದಳು. ಕೋಣೆಗೆ ಹೋಗಿ, ಈ ಸಲ ಒಡಪಿಲ್ಲದೆ, ಲೆಕ್ಕ ತೀರಿಸುವವಳಂತೆ ಹೆಸರನ್ನು ಸ್ಪಷ್ಟವಾಗಿ ಹೇಳಿ ಕುಳಿತಳು.

"ನನಗ ಬ್ಯಾಡಾಗೈತಿ," ಎಂದಳು. "ನನ್ನ ಕೇಳಿದ್ರ, ಮನ್ಯಾಗ ನನ್ನ ಕಣ್ಣ ಮುಂದ ಇರಲಿ ಅಂತೀನಿ. ಆದ್ರ ನೀ ಕೇಳಿದ್ದು ಅವರ ಮಾತು. ಅವರಿಗೆ ಸೇರಬೇಕಾಗೈತಿ. ಆರಾಮ ಆಗ್ತೀನಂತಲ್ಲ. ಚೀಟಿಯೊಳಗ ಹಳೇ ಗಾಡಿ ಬಂದ್ರೂ ಹತ್ತತಾರ. ಸ್ಟೇರಿಂಗ್ ತಮ್ಮ ಕೈಯಾಗ ಇರಬೇಕಂತ. ರೊಟ್ಟಿ ಮುರೀಲಿಕ್ಕ ಆಗದಂಗಾದ ದಿನ ನಾ ಇಳಸತೀನಿ. ಅವತ್ತ ನೀನೂ ನಡುವ ಬರಬ್ಯಾಡ, ಈ ಡಾಕ್ಟರಮ್ಮನೂ ಬರಬಾರದು."

ಹಳದಿ ದೀಪ ಒಮ್ಮೆ ಮಿನುಗಿ ಹಸಿರಾಯಿತು. ಗಾಜಿನ ಆಚೆ ಶಬೀನಾ ಕನ್ನಡಕ ತೆಗೆದು ಒರೆಸಿಕೊಂಡಳು. ಆ ಹಸಿರು ನೋಡಿ ದಾನಮ್ಮನಿಗೆ ಸಂತೋಷವಾಗಲಿಲ್ಲ. ಅವಳ ಗಂಡ ಸಾಯುತ್ತಿದ್ದ, ಅವಳು ಅದಕ್ಕೆ ಬರೀ ಹೂಂ ಅನ್ನದೆ, ಪೂರ್ತಿ ತಿಳಿದು, ಬಾಯಿಬಿಟ್ಟು ಮಾತಾಡಿದ್ದಳು.

"ಇನ್ನೊಂದು," ಎಂದಳು ಎದ್ದು ನಿಂತು. "ಇನ್ನಮ್ಯಾಲ ಅವರ ಹೆಸರು ಹಿಡದು ಕರೀಬ್ಯಾಡ."

"ಹಾಗಾದರೆ ಏನೆಂದು ಕರೆಯಲಿ?"

"ಡ್ರೈವರ್ ಸಾಹೇಬ್ರು ಅನ್ನು."

"ಆಗಲಿ," ಎಂದಿತು ಕೇಳವ್ವ.

ಊರಿಗೆ ಹೊರಟ ಬಸ್ಸು ನಿಲ್ದಾಣದಲ್ಲಿ ನಿಂತಿತ್ತು. ಡ್ರೈವರ್ ಸೀಟು ಖಾಲಿ, ಸ್ಟೇರಿಂಗ್ ಇದ್ದ ಜಾಗದಲ್ಲಿ ಒಂದು ಪರದೆ. ವಿರೂಪಾಕ್ಷಪ್ಪ ಕಂಬಿ ಹಿಡಿದು ನಿಧಾನ ಹತ್ತಿದ. ಹಿಂದೆ ಎರಡು ಸೀಟು ಖಾಲಿ ಇದ್ದವು. "ದಾನಿ, ಅಲ್ಲಿ ಕುಂದ್ರೂಣು ಬಾ," ಎಂದು ಅವನು ಅತ್ತ ತಿರುಗಿದ.

ದಾನಮ್ಮ ಕದಲಲಿಲ್ಲ. ಡ್ರೈವರ್ ಪಕ್ಕದ ಮುಂದಿನ ಸೀಟಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಕಿವಿಗೆ ಏನೋ ಸಿಕ್ಕಿಸಿಕೊಂಡು ಕುಳಿತಿದ್ದಳು. ದಾನಮ್ಮ ಅವಳ ಎದುರು ಹೋಗಿ ನಿಂತಳು.

"ಏಳವ್ವಾ," ಎಂದಳು. "ಇದು ನನ್ನ ಸೀಟು."